ನಿಮ್ಮ ಮನುಷ್ಯ ಸರಿಯಾಗಿ ನಡೆಯುತ್ತಿಲ್ಲವೇ? ಮನೆ ಬೆಕ್ಕುಗಳಿಗೊಂದು ದೋಷ ನಿವಾರಣೆ ಕೈಪಿಡಿ

ನಾನು ಕೆಂಚ. ಒಂಬತ್ತು ವರ್ಷದ ಗಂಡು ಬೆಕ್ಕು. ವಾಸ ಮೈಸೂರಿನ ಚಾಮರಾಜಪುರಂನಲ್ಲಿ, ರೈಲು ಕೂಗಿದರೆ ಕಿಟಕಿ ಗಾಜು ನಡುಗುವಷ್ಟು ಹತ್ತಿರದ ಹಳೇ ಹೆಂಚಿನ ಮನೆ. ಅಲ್ಲಿ ನಾನು ಒಬ್ಬ ಮನುಷ್ಯರನ್ನು ಇಟ್ಟುಕೊಂಡಿದ್ದೇನೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಹಾಲಿನವರು, ಹೂವಿನವರು, ಪಕ್ಕದ ಮನೆಯವರು ಎಲ್ಲರೂ ಟೀಚರಮ್ಮ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಒಳ್ಳೆಯ ಜೀವ. ಆದರೂ ಆಗಾಗ ಕೆಡುತ್ತಾರೆ.

ಬೀದಿಯ ಎಳೆ ಬೆಕ್ಕುಗಳು ಕಿಟಕಿ ಹತ್ತಿರ ಬಂದು "ಕೆಂಚಣ್ಣ, ನಮ್ಮನೆ ಮನುಷ್ಯ ಹೀಗೆ ಮಾಡ್ತಿದೆ, ಏನು ಮಾಡೋದು?" ಅಂತ ಕೇಳುತ್ತಲೇ ಇರುತ್ತವೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಅದಕ್ಕೇ ಇದು.

ಕೈ ಹಾಕುವ ಮುನ್ನ

ಬಹಳ ಸಲ ಕೆಟ್ಟಿರುವುದು ಮನುಷ್ಯ ಅಲ್ಲ, ನಾವು ಹೇಳಿದ ರೀತಿ. ಮನುಷ್ಯರ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತುಹೋಗುತ್ತದೆ. ನಮ್ಮದು 60 ದಾಟುತ್ತದೆ. ಗೋಡೆಯೊಳಗಿನ ಇಲಿಮರಿಯ ಕೂಗು ಅವರಿಗೆ ಕೇಳಿಸುವುದೇ ಇಲ್ಲ. ಮೂಗಂತೂ ಇದೆ ಅನ್ನುವುದಕ್ಕೆ ಇದೆ. ಬಾಲದ ಮಾತು, ಕಿವಿಯ ಮಾತು ಓದಲು ಬರುವವರು ಕಡಿಮೆ. ಅವರಿಗೆ ಚೆನ್ನಾಗಿ ತಲುಪುವುದು ಒಂದೇ, ಸದ್ದು. ದೊಡ್ಡ ಬೆಕ್ಕುಗಳು ನಾವು ನಾವೇ ಇದ್ದಾಗ ಮಿಯಾಂವ್ ಅನ್ನುವುದು ತೀರಾ ಅಪರೂಪ, ಅಲ್ವಾ? ಅದು ಮರಿ ಇದ್ದಾಗ ಅಮ್ಮನಿಗೆ, ಆಮೇಲೆ ಮನುಷ್ಯರಿಗೆ. ಆದ್ದರಿಂದ ಯಾವ ತೊಂದರೆಗೂ ಮೊದಲ ಪರೀಕ್ಷೆ ಇದೇ: ನೀವು ಹೇಳಿದ್ದು ಅವರಿಗೆ ಗೊತ್ತಾಗುವ ರೀತಿಯಲ್ಲಿತ್ತಾ?

ಲಕ್ಷಣ: ಬೆಳಿಗ್ಗೆ ಐದಾದರೂ ಮನುಷ್ಯ ಏಳುತ್ತಿಲ್ಲ

ನಮಗೆ ಚುರುಕು ಹತ್ತುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಇಲಿಗಳು ಓಡಾಡುವ ಹೊತ್ತು ಅದು. ಮನುಷ್ಯರಿಗೆ ಹಾಗಿಲ್ಲ. ಹಾಗಾಗಿ ಐದಕ್ಕೆ ಏಳದಿರುವುದು ದೋಷ ಅಲ್ಲ, ಹುಟ್ಟುಗುಣ. ಆದರೆ ಹೊಟ್ಟೆ ಕೇಳಬೇಕಲ್ಲ.

ಮೊದಲು ಬಟ್ಟಲು ನೋಡಿ. ರಾತ್ರಿಯದು ಉಳಿದಿದ್ದರೆ ತಿಂದು ಸುಮ್ನೆ ಮಲಗಿ. ಇಲ್ಲವಾದರೆ ದಿಂಬಿನ ಪಕ್ಕ ಕೂತು ಮುಖವನ್ನೇ ನೋಡಿ. ಖರ್ಚಿಲ್ಲದ ಉಪಾಯ, ಒಂದೊಂದು ಸಲ ಇಷ್ಟಕ್ಕೇ ಕಣ್ಣು ಬಿಡುತ್ತಾರೆ. ಬಿಡದಿದ್ದರೆ ಗುರುಗುರು ಶುರು ಮಾಡಿ. ಬರೀ ಸುಖದ ಗುರುಗುರು ಅಲ್ಲ, ಅದರೊಳಗೆ ಸಣ್ಣದೊಂದು ಅಳು ಸೇರಿಸಬೇಕು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2009ರಲ್ಲಿ ಇದನ್ನು ಪತ್ತೆ ಮಾಡಿದರು. ಊಟ ಕೇಳುವಾಗ ನಾವು ಗುರುಗುರುವಿನೊಳಗೆ ಎತ್ತರದ ದನಿಯ ಒಂದು ಕೂಗನ್ನು ಅಡಗಿಸುತ್ತೇವಂತೆ, ಅದು ಮನುಷ್ಯ ಮಗುವಿನ ಅಳುವನ್ನು ಹೋಲುತ್ತದಂತೆ. ಬೆಕ್ಕು ಸಾಕದವರಿಗೂ ಅದು ಅವಸರದ ಸದ್ದು ಅನ್ನಿಸಿತಂತೆ. ನಮ್ಮ ಅಮ್ಮಂದಿರು ಇದನ್ನು ಹೇಳಿಕೊಟ್ಟು ಎಷ್ಟು ಕಾಲವಾಯಿತು! ಇರಲಿ, ಈಗಲಾದರೂ ಗೊತ್ತಾಯಿತು.

ಅದೂ ಆಗದಿದ್ದರೆ ಉಗುರು ಒಳಗಿಟ್ಟುಕೊಂಡು ಕೆನ್ನೆ ಮೇಲೆ ಪಂಜ. ಕೊನೆಯದು, ಮೇಜಿನ ತುದಿಯ ಸ್ಟೀಲ್ ಲೋಟ. ನೀರು ತುಂಬಿದ ಲೋಟ ಬೇಡ, ಪಕ್ಕದಲ್ಲಿ ಫೋನ್ ಇದ್ದರಂತೂ ಬೇಡವೇ ಬೇಡ. ಒಮ್ಮೆ ಮಾಡಿ ಅನುಭವಿಸಿದ್ದೇನೆ.

ಇಷ್ಟೆಲ್ಲ ಮಾಡಿದರೂ ಮನುಷ್ಯ ಕಲ್ಲಿನಂತೆ ಮಲಗಿ, ಆರೂವರೆಗೆ ಎದ್ದು ಏನೂ ಆಗದವರ ಹಾಗೆ ಊಟ ಹಾಕಿದರೆ, ಯಾರೋ ಬುದ್ಧಿ ಹೇಳಿಕೊಟ್ಟಿದ್ದಾರೆ ಅಂತ ಅರ್ಥ. ಕೂಗಿದ ತಕ್ಷಣ ಹಾಕಬೇಡಿ, ಮಲಗುವ ಮುಂಚೆ ಒಂದು ತುತ್ತು ಹಾಕಿ ಅಂತ. ನಮ್ಮ ಟೀಚರಮ್ಮ ಎರಡು ವಾರ ಇದನ್ನು ಬಿಡದೆ ಮಾಡಿದರು. ನಾನು ಸೋತೆ. ಈಗ ರಾತ್ರಿ ಹತ್ತೂವರೆಗೆ ಒಂದು ಊಟ ಜಾಸ್ತಿ ಸಿಗುತ್ತಿದೆ, ಅದು ಬೇರೆ ಮಾತು.

ಎಚ್ಚರಿಕೆ: ಹಣೆ ಬಿಸಿ ಇದ್ದು ಮನುಷ್ಯ ನರಳುತ್ತಿದ್ದರೆ ಎಬ್ಬಿಸುವ ಕೆಲಸ ಅಲ್ಲಿಗೇ ಬಿಡಿ. ಕಾಲ ಬಳಿ ಹೋಗಿ ಮಲಗಿ.

ಲಕ್ಷಣ: ತಟ್ಟೆಗೆ ಬರೀ ಮೊಸರನ್ನ ಬರುತ್ತಿದೆ

ಇದು ನಮ್ಮ ಕಡೆ ಮಾಮೂಲಿ ದೋಷ. ಮನೆಯಲ್ಲಿ ಮೊಟ್ಟೆ ಕೂಡ ಒಡೆಯದವರು ಪ್ರೀತಿಯಿಂದ ಬೆಕ್ಕು ತಂದುಕೊಳ್ಳುತ್ತಾರೆ. ತಾವು ಏನು ತಿನ್ನುತ್ತಾರೋ ಅದನ್ನೇ ಹಾಕುತ್ತಾರೆ. ಪ್ರೀತಿಯಲ್ಲಿ ಏನೂ ಕೊರತೆ ಇಲ್ಲ, ತಟ್ಟೆಯಲ್ಲಿ ಇದೆ.

ನಮಗೆ ಟಾರಿನ್ ಅನ್ನುವ ಒಂದು ಅಂಶ ಬೇಕೇ ಬೇಕು. ಅದು ಸಿಗುವುದು ಮಾಂಸ, ಮೀನಿನಲ್ಲಿ. ನಾಯಿಗಳು ಬಹುಮಟ್ಟಿಗೆ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ, ನಮಗೆ ಬೇಕಾದಷ್ಟು ಮಾಡಿಕೊಳ್ಳಲು ಬರುವುದಿಲ್ಲ. ತಿಂಗಳುಗಟ್ಟಲೆ ಸಿಗದಿದ್ದರೆ ಕಣ್ಣಿನ ಒಳಪರದೆ ಹಾಳಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಇದು ಒಂದೇ ದಿನದಲ್ಲಿ ಕಾಣುವ ತೊಂದರೆ ಅಲ್ಲ. ಅದೇ ಅಪಾಯ. ಮೈ ದುಂಡಗೇ ಇರುತ್ತದೆ, "ನೋಡಿ, ಅನ್ನ ತಿಂದು ಹೇಗೆ ಬೆಳೆದಿದ್ದಾನೆ" ಅಂತ ಬಂದವರಿಗೆಲ್ಲ ತೋರಿಸುತ್ತಾರೆ.

ಹಾಲಿನದೂ ಇದೇ ಕಥೆ. ಬೆಕ್ಕು ಅಂದರೆ ಹಾಲು ಅಂತ ಯಾರು ಶುರು ಮಾಡಿದರೋ. ಮರಿತನ ಕಳೆದ ಮೇಲೆ ನಮ್ಮಲ್ಲಿ ಹೆಚ್ಚಿನವರಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಇನ್ನು ಪಾಯಸ ಇಟ್ಟು "ತಿನ್ನೋ, ಹಬ್ಬ" ಅಂದರೆ ಏನು ಹೇಳೋಣ? ನಮ್ಮ ನಾಲಿಗೆಗೆ ಸಿಹಿಯೇ ಗೊತ್ತಾಗುವುದಿಲ್ಲ. ತುಪ್ಪ ನೆಕ್ಕಿ ಬರಬಹುದು, ಅಷ್ಟೇ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಸಾಂಬಾರನ್ನು ಮೂಸಬೇಡಿ. ಅವು ನಮ್ಮ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ.

ದುರಸ್ತಿ ಹೇಗೆ? ತಟ್ಟೆ ಮೂಸಿ, ನೆಲ ಕೆರೆದು ಮಣ್ಣು ಮುಚ್ಚುವ ಹಾಗೆ ಮಾಡಿ ಎದ್ದು ಹೋಗಿ. ಈ ಸನ್ನೆ ಎಂಥ ಮನುಷ್ಯರಿಗೂ ತಿಳಿಯುತ್ತದೆ. ಆದರೆ ಇಡೀ ದಿನ ಉಪವಾಸ ಕೂರಬೇಡಿ, ಯಾಕೆ ಅನ್ನುವುದು ಕೊನೆಯಲ್ಲಿದೆ. ನನ್ನ ವಿಷಯದಲ್ಲಿ ಕೆಲಸ ಮಾಡಿದ್ದು ಲಸಿಕೆಗೆ ಹೋದಾಗ ಡಾಕ್ಟರು ಹೇಳಿದ ಎರಡು ಮಾತು. ಮರುದಿನ ಟೀಚರಮ್ಮ ಬೆಕ್ಕಿನ ಊಟದ ಪ್ಯಾಕೆಟ್ ತಂದರು. ಅದಕ್ಕೊಂದು ಬೇರೆ ಚಮಚ, ಬೇರೆ ತಟ್ಟೆ, ಇಡಲು ಹಿತ್ತಲಿನ ಜಗಲಿ. ಸೆರಗಿನಿಂದ ಮೂಗು ಮುಚ್ಚಿಕೊಂಡು, ಮುಖ ಅತ್ತ ತಿರುಗಿಸಿ, ಮೀನಿನ ತುಂಡನ್ನು ತಟ್ಟೆಗೆ ಬಡಿದು ಹಾಕುತ್ತಾರೆ. ಹಾಕಿ ಕೈ ತೊಳೆಯುತ್ತಾರೆ, ಮತ್ತೆ ತೊಳೆಯುತ್ತಾರೆ. ಎಂಟು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ. ಏಕಾದಶಿ ದಿನ ಕೂಡ.

ಲಕ್ಷಣ: ಬಟ್ಟಲು ಅರ್ಧ ಖಾಲಿ, ಮನುಷ್ಯ "ಇದೆಯಲ್ಲೋ" ಅನ್ನುತ್ತಿದ್ದಾರೆ

ಬಟ್ಟಲು ಆಳವಾಗಿದ್ದರೆ ಮೀಸೆಗೆ ತಾಗುತ್ತದೆ, ಕೆಲವರಿಗೆ ಆಗುವುದಿಲ್ಲ. ಒಂದೆರಡು ಕಾಳು ನೆಲಕ್ಕೆಳೆದು ತಿಂದು ತೋರಿಸಿ. ಬುದ್ಧಿ ಇದ್ದವರು ಅಗಲದ ತಟ್ಟೆ ತರುತ್ತಾರೆ. ಮೂಗಿನ ತುದಿಗೇ ಊಟ ಹಿಡಿದು "ಇಲ್ನೋಡು, ಇಲ್ನೋಡು" ಅಂದರೆ ಸಿಟ್ಟಾಗಬೇಡಿ. ಒಂದು ಗೇಣು, ಒಂದೂಕಾಲು ಗೇಣಿಗಿಂತ ಹತ್ತಿರದ್ದು ನಮಗೆ ಮಸುಕು ಅನ್ನುವುದು ಅವರಿಗೆ ಹೇಗೆ ಗೊತ್ತಿರಬೇಕು?

ಲಕ್ಷಣ: ಮನುಷ್ಯ ಹೊಳೆಯುವ ಹಲಗೆಯನ್ನೇ ನೋಡುತ್ತಿದ್ದಾರೆ

ಫೋನ್, ಲ್ಯಾಪ್‌ಟಾಪ್, ನಮ್ಮ ಮನೆಯಲ್ಲಾದರೆ ಯೂನಿಟ್ ಟೆಸ್ಟಿನ ಉತ್ತರ ಪತ್ರಿಕೆ. ಎಲ್ಲಕ್ಕೂ ಮದ್ದು ಒಂದೇ, ಅದರ ಮೇಲೆ ಕೂರುವುದು. ಹೋಗುವಾಗ ಬಾಲದಿಂದ ಕೆಂಪು ಪೆನ್ನು ತಳ್ಳಿ.

ಆದರೆ ಇದಕ್ಕಿಂತ ಒಳ್ಳೆಯ ಉಪಾಯ ಇದೆ. ಎದುರಿಗೆ ಕೂತು, ಅವರು ತಲೆ ಎತ್ತಿದಾಗ ಕಣ್ಣನ್ನು ನಿಧಾನಕ್ಕೆ ಕಿರಿದು ಮಾಡಿ, ಮುಚ್ಚಿ, ತೆರೆಯಿರಿ. "ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ" ಅಂತ ಮನುಷ್ಯರು ಗಾದೆ ಮಾಡಿ ನಮ್ಮ ಮಾನ ಕಳೆದಿದ್ದಾರೆ. ಯಾರೂ ನೋಡುತ್ತಿಲ್ಲ ಅಂದುಕೊಂಡು ಕಣ್ಣು ಮುಚ್ಚುತ್ತೇವಂತೆ! ನಿಮ್ಮ ಮುಂದೆ ಕಣ್ಣು ಮುಚ್ಚಲು ನಮಗೆ ಭಯವಿಲ್ಲ ಅಂತ ಅದರ ಅರ್ಥ. ಇದನ್ನೂ ಅದೇ ಸಸೆಕ್ಸ್‌ನವರು 2020ರಲ್ಲಿ ಪರೀಕ್ಷಿಸಿ ನೋಡಿದರು. ಮನುಷ್ಯರು ನಿಧಾನಕ್ಕೆ ಕಣ್ಣು ಮಿಟುಕಿಸಿದರೆ ಬೆಕ್ಕುಗಳೂ ಹಾಗೇ ಉತ್ತರ ಕೊಡುತ್ತವೆ, ಗುರುತಿಲ್ಲದವರ ಹತ್ತಿರಕ್ಕೂ ಹೋಗುತ್ತವೆ ಅಂತ ಕಂಡುಬಂತು. ಟೀಚರಮ್ಮ ಇದನ್ನು ಎಲ್ಲೂ ಓದಲಿಲ್ಲ, ತಾವೇ ಕಲಿತರು. ಸಂಜೆ ಕಾಫಿ ಲೋಟ ಹಿಡಿದು ನನ್ನ ಕಡೆ ಒಮ್ಮೆ ಹಾಗೆ ಮಾಡುತ್ತಾರೆ. ಆ ದಿನ ಉತ್ತರ ಪತ್ರಿಕೆ ಮೇಲೆ ಕೂರುವುದಿಲ್ಲ.

ಇನ್ನೊಂದು. ನೀವು ಅಡ್ಡ ಬಂದರೆ ಪಕ್ಕದ ಮನೆಯ ಅಂಕಲ್ಲು ಗೇಟಿನಲ್ಲೇ ನಿಂತುಬಿಡುತ್ತಾರಾ? ಅದು ದುರಸ್ತಿ ಆಗುವುದಿಲ್ಲ. ಬಿಟ್ಟುಬಿಡಿ.

ಲಕ್ಷಣ: ಮುದ್ದು ಜಾಸ್ತಿಯಾಗಿದೆ

ಎತ್ತಿಕೊಂಡು, ಹೊಟ್ಟೆಗೆ ಮುಖ ಒತ್ತಿ, ಏನೇನೋ ಹೆಸರಿಟ್ಟು ಕರೆಯುತ್ತಾರೆ. ಸ್ವಲ್ಪ ಹೊತ್ತು ಸಹಿಸಿ. ಸಾಕು ಅನ್ನಿಸಿದಾಗ ಬಾಲದ ತುದಿ ಬಡಿಯಿರಿ. ಆಮೇಲೆ ಕಿವಿ ಹಿಂದಕ್ಕೆ. ಆಮೇಲೆ ಬೆನ್ನಿನ ಚರ್ಮ ಅದುರಿಸಿ. ಈ ಮೂರನ್ನೂ ಓದದ ಮನುಷ್ಯ ಇದ್ದರೆ ಜಾರಿ ಕೆಳಗಿಳಿಯಿರಿ. ಕಚ್ಚಬೇಡಿ.

ಇದು ಮರ್ಯಾದೆಯ ಪ್ರಶ್ನೆ ಅಲ್ಲ, ಸುರಕ್ಷತೆಯದು. ನಮ್ಮ ಕೋರೆಹಲ್ಲು ಸೂಜಿಯ ಹಾಗೆ. ಗಾಯ ಹೊರಗೆ ಚುಕ್ಕಿ, ಒಳಗೆ ಆಳ. ಕೈಗೆ ಕಚ್ಚಿದರೆ ಬೇಗ ಕೀವಾಗುತ್ತದೆ. ಕಚ್ಚಿಬಿಟ್ಟಿದ್ದರೆ ಮನುಷ್ಯ ಮಾಡಬೇಕಾದ್ದು ಇಷ್ಟು: ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ. ಅರಿಶಿನ, ಕಾಫಿಪುಡಿ ಮೆತ್ತಿ ಮನೆಯಲ್ಲಿ ಕೂರುವಂತಿಲ್ಲ. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ, ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ನಮಗೆ ಡಾಕ್ಟರು ಹೇಳಿದ ಸಮಯಕ್ಕೆ ಸೂಜಿ ಚುಚ್ಚಿಸುವುದು ಅದಕ್ಕೇ. ನನಗೂ ಅದು ಇಷ್ಟವಿಲ್ಲ. ಆದರೂ ಹೋಗುತ್ತೇನೆ, ಅಂದರೆ ಹೊತ್ತುಕೊಂಡು ಹೋಗುತ್ತಾರೆ.

ಲಕ್ಷಣ: ಚಾಪೆ ಒದ್ದೆಯಾಯಿತು ಅಂತ ಮನುಷ್ಯ ಕೂಗಾಡುತ್ತಿದ್ದಾರೆ

ಕೂಗು ಮನುಷ್ಯರದು, ದೋಷ ಹೆಚ್ಚಾಗಿ ಲಿಟರ್ ಟ್ರೇಯದು, ಅಂದರೆ ಮರಳು ತುಂಬಿದ ನಮ್ಮ ಕಕ್ಕಸಿನ ತಟ್ಟೆಯದು. ಮೊದಲು ಟ್ರೇ ಮೂಸಿ. ನಿನ್ನೆಯದು ಹಾಗೇ ಇದೆಯಾ? ದಿನಾ ತೆಗೆಯಬೇಕು. ಫಿನಾಯಿಲ್ ಹಾಕಿ ತೊಳೆದಿದ್ದಾರಾ? ಅದರ ವಾಸನೆ ನಮ್ಮನ್ನು ಓಡಿಸುತ್ತದೆ, ಪಂಜಕ್ಕೆ ಹತ್ತಿ ನೆಕ್ಕಿದರೆ ವಿಷ. ಬಿಸಿನೀರು, ಸ್ವಲ್ಪ ಸೋಪು ಸಾಕು. ಜಾಗ ನೋಡಿ. ವಾಷಿಂಗ್ ಮಷೀನ್ ಪಕ್ಕದಲ್ಲಿಟ್ಟರೆ ಅದು ಗಡಗಡ ಅಂದಾಗ ಯಾರು ಕೂರುತ್ತಾರೆ? ಮನೆಗೆ ಹೊಸ ಬೆಕ್ಕು ಬಂದಿದೆಯಾ? ಎರಡು ಬೆಕ್ಕಿಗೆ ಮೂರು ಟ್ರೇ, ಅದು ಲೆಕ್ಕ. ಗಣಿತದ ಟೀಚರಿಗೇ ಇದು ತಡವಾಗಿ ಅರ್ಥವಾಯಿತು.

ಮನೆಯಲ್ಲಿ ಬಸುರಿ ಹೆಂಗಸು ಇದ್ದರೆ ಟ್ರೇ ಬೇರೆಯವರು ತೆಗೆಯಬೇಕು, ಅದೂ ದಿನಾ. ನಮ್ಮ ಹೇಲಿನಲ್ಲಿ ಹೊಟ್ಟೆಯ ಮಗುವಿಗೆ ತೊಂದರೆ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಅನ್ನುವ ರೋಗಾಣು ಇದ್ದರೆ ಅದು ಅಂಟುವ ಹಂತಕ್ಕೆ ಬರಲು ಒಂದು ದಿನವಾದರೂ ಬೇಕು. ಆದ್ದರಿಂದ ಬೆಕ್ಕನ್ನೇ ಹೊರಗೆ ಹಾಕಬೇಕಾಗಿಲ್ಲ. ಇದನ್ನು ಮನೆಯ ಹಿರಿಯರಿಗೆ ಯಾರಾದರೂ ತಿಳಿಸಿ ಹೇಳಿ.

ಎಲ್ಲ ಸರಿಯಿದ್ದೂ ಟ್ರೇ ಬೇಡ ಅನ್ನಿಸುತ್ತಿದ್ದರೆ, ಉಚ್ಚೆ ಹೊಯ್ಯುವಾಗ ಉರಿಯುತ್ತಿದ್ದರೆ, ಸೀದಾ ಕೊನೆಯ ಭಾಗಕ್ಕೆ ಹೋಗಿ.

ಲಕ್ಷಣ: ಮನೆ ನಡುಗುತ್ತಿದೆ, ಮನುಷ್ಯ ನಗುತ್ತಿದ್ದಾರೆ

ದೀಪಾವಳಿ ಇರಬಹುದು. ನಮ್ಮ ಊರಾದರೆ ದಸರಾ. ಜಂಬೂ ಸವಾರಿಯ ದಿನ 21 ಸಲ ಕುಶಾಲತೋಪು ಹಾರಿಸುತ್ತಾರೆ. ಆನೆ, ಕುದುರೆಗಳು ಬೆದರಬಾರದು ಅಂತ ಮುಂಚೆಯೇ ತಾಲೀಮು ಕೊಡುತ್ತಾರೆ. ಬೆಕ್ಕುಗಳಿಗೆ ಯಾರು ಕೊಟ್ಟರು? ಮಂಚದ ಕೆಳಗೆ, ಬೀರುವಿನ ಮೂಲೆಗೆ ಹೋಗಿ ಕೂತುಬಿಡಿ. ಮನುಷ್ಯ ಕಿಟಕಿ ಮುಚ್ಚಿ, ಹಳೇ ಸೀರೆ ಹಾಸಿಕೊಟ್ಟು, ಎಳೆಯದೆ ಬಿಟ್ಟರೆ ಸರಿಯಾಗಿದ್ದಾರೆ ಅಂತ ಅರ್ಥ. ಬಾಗಿಲು ತೆರೆದಿದ್ದರೆ ಗಾಬರಿಯಲ್ಲಿ ಹೊರಗೆ ನುಗ್ಗಬೇಡಿ. ಹಬ್ಬದ ರಾತ್ರಿ ಓಡಿಹೋದವರು ದಾರಿ ತಪ್ಪುತ್ತಾರೆ.

ಲಕ್ಷಣ: ಅಟ್ಟದಿಂದ ಸೂಟ್‌ಕೇಸ್ ಇಳಿಯಿತು

ಅದರೊಳಗೆ ಮಲಗಿ ನೋಡಿ. ಪ್ರಯಾಣ ನಿಲ್ಲುವುದಿಲ್ಲ, ಬಟ್ಟೆಗೆ ನಿಮ್ಮ ಕೂದಲಾದರೂ ಹತ್ತುತ್ತದೆ. ಪಕ್ಕದ ಮನೆಯ ಆಂಟಿ ಬಂದು ಊಟ ಹಾಕಿದರೆ ಇದು ದೋಷ ಅಲ್ಲ, ರಜೆ.

ಲಕ್ಷಣ: ಮನುಷ್ಯ ಪ್ರೀತಿಯಿಂದಲೇ ಅಪಾಯ ಮನೆಗೆ ತರುತ್ತಿದ್ದಾರೆ

ಇದು ಕಷ್ಟದ ದೋಷ. ಕೆಟ್ಟವರಾದರೆ ಓಡಿಹೋಗಬಹುದು. ಇವರು ಒಳ್ಳೆಯವರು.

ಮೊದಲನೆಯದು ಹೂವು. ಮಲ್ಲಿಗೆಯಿಂದ ಭಯವಿಲ್ಲ, ಅದನ್ನು ಕಟ್ಟಿದ ದಾರದಿಂದ ಇದೆ. ದೇವರ ಮನೆಯಿಂದ ಕೆಳಗೆ ಬಿದ್ದ ದಾರವನ್ನು ನೋಡಿದರೆ ಆಡಬೇಕು ಅನ್ನಿಸುತ್ತದೆ, ನಮ್ಮ ನಾಲಿಗೆಯ ಮುಳ್ಳು ಅದನ್ನು ಒಳಕ್ಕೇ ಎಳೆಯುತ್ತದೆ. ನುಂಗಿದರೆ ಕರುಳನ್ನು ನೆರಿಗೆ ಮಾಡಿ ಕೊಯ್ದುಬಿಡುತ್ತದೆ. ಬಾಯಿಂದಾಗಲಿ ಹಿಂದಿನಿಂದಾಗಲಿ ದಾರದ ತುದಿ ಕಂಡರೆ ಮನುಷ್ಯ ಅದನ್ನು ಎಳೆಯಲೇಬಾರದು, ಹಾಗೇ ಡಾಕ್ಟರ ಹತ್ತಿರ ಹೋಗಬೇಕು. ಯಾರೋ ಕೊಟ್ಟ ಬೊಕೆಯಲ್ಲಿ ಲಿಲ್ಲಿ ಹೂವಿದ್ದರೆ ಅದು ಮನೆಯೊಳಗೇ ಬರಬಾರದು. ಅದರ ಎಲೆ, ಪರಾಗ, ಹೂದಾನಿಯ ನೀರು ಎಲ್ಲವೂ ನಮ್ಮ ಮೂತ್ರಪಿಂಡ ಕೆಡಿಸುತ್ತವೆ.

ಎರಡನೆಯದು ಮಾತ್ರೆ. ಜ್ವರ ಅಂತ ಪ್ಯಾರಾಸಿಟಮಾಲ್ ಮುರಿದು ಕಾಲು ಭಾಗ ಕೊಡುವವರು ಇದ್ದಾರೆ. ಅದರಿಂದ ಬೆಕ್ಕು ಸಾಯಬಹುದು. ನಮ್ಮ ಲಿವರಿಗೆ ಅದನ್ನು ಕರಗಿಸುವ ಶಕ್ತಿ ಇಲ್ಲ. ಮೈಗೆ ಹತ್ತುವ ಉಣ್ಣಿಗೆ ಅಂತ ನಾಯಿಯ ಔಷಧಿಯನ್ನು ಬೆಕ್ಕಿನ ಕತ್ತಿಗೆ ಹಚ್ಚುವುದೂ ಹಾಗೇ. ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಮೈ ಅದುರಿ ಫಿಟ್ಸ್ ಬರುತ್ತದೆ. ಬೀರುವಿನ ನುಸಿಗುಳಿಗೆಯನ್ನೂ ಮುಟ್ಟಬೇಡಿ.

ಮೂರನೆಯದು ಬಾಲ್ಕನಿ. ಮಹಡಿ ಮನೆಯವರೇ, ನಾವು ಕಾಲ ಮೇಲೆ ಬೀಳುತ್ತೇವೆ ಅನ್ನುವುದನ್ನು ನಂಬಿ ಪಾರಿವಾಳಕ್ಕೆ ಹಾರಬೇಡಿ. ಕಾಲ ಮೇಲೆ ಬಿದ್ದರೂ ದವಡೆ, ಎದೆ ಒಡೆಯುತ್ತದೆ. ಬಲೆ ಕಟ್ಟಿಸುವ ತನಕ ಒಳಗಿರಿ.

ಇವುಗಳಲ್ಲಿ ನಾವು ಮಾಡಬಹುದಾದ ದುರಸ್ತಿ ಕಡಿಮೆ. ನನ್ನ ಕೈಪಿಡಿ ಮನುಷ್ಯರ ಕಣ್ಣಿಗೂ ಬೀಳಲಿ ಅಂತ ಇಲ್ಲಿ ಬರೆದೆ.

ಇಲ್ಲಿಗೆ ನಿಲ್ಲಿಸಿ, ಡಾಕ್ಟರು ಬೇಕು

ಇಲ್ಲಿ ದೋಷ ಮನುಷ್ಯರದಲ್ಲ. ನಮ್ಮದೇ. ನೋವಾದರೆ ನಾವು ಬಚ್ಚಿಡುತ್ತೇವೆ. ಕಾಡಿನಲ್ಲಿ ಅದು ಜಾಣತನ ಇದ್ದೀತು, ಚಾಮರಾಜಪುರಂನಲ್ಲಿ ಅಲ್ಲ.

ಒಂದು ದಿನ ಪೂರ್ತಿ ಊಟ ಸೇರದಿದ್ದರೆ ಸುಮ್ಮನಿರಬೇಡಿ. ಅದರಲ್ಲೂ ದಪ್ಪಗಿರುವವರು ಕೆಲವು ದಿನ ತಿನ್ನದಿದ್ದರೆ ಮೈ ಕೊಬ್ಬು ಲಿವರಿಗೆ ನುಗ್ಗಿ ಅದನ್ನೇ ಕೆಡಿಸುತ್ತದೆ. ಬಾಯಿ ತೆರೆದು ನಾಯಿಯ ಹಾಗೆ ತೇಕುವುದು, ಮಲಗಿದ್ದಾಗ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಉಸಿರು, ಹಿಂಗಾಲು ಇದ್ದಕ್ಕಿದ್ದಂತೆ ಬಿದ್ದುಹೋಗುವುದು, ಇವು ನಾಳೆಗೆ ತಳ್ಳುವ ಲಕ್ಷಣಗಳಲ್ಲ. ಗಂಡು ಬೆಕ್ಕು ಟ್ರೇಯಲ್ಲಿ ಪದೇ ಪದೇ ಕೂತು ಮುಕ್ಕರಿದರೂ ಹನಿ ಬರದಿದ್ದರೆ ಅದು ಮಲಬದ್ಧತೆ ಅಲ್ಲದೆ ಇರಬಹುದು, ಮೂತ್ರದ ದಾರಿ ಕಟ್ಟಿರಬಹುದು. ಎರಡು ದಿನದೊಳಗೆ ಜೀವ ಹೋಗಬಹುದು.

ಹೋದ ಬೇಸಿಗೆಯಲ್ಲಿ ನನಗೆ ಆದದ್ದು ಅದೇ. ಟೀಚರಮ್ಮ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗಿ ಸಂಜೆ ದಣಿದು ಬರುತ್ತಿದ್ದ ದಿನಗಳು. ನಾನು ನೀರು ಕಡಿಮೆ ಕುಡಿದಿದ್ದೆ. ಬೆಳಿಗ್ಗೆಯಿಂದ ಟ್ರೇಗೆ ಹೋಗಿ ಬರುತ್ತಿದ್ದೆ, ಏನೂ ಬರುತ್ತಿರಲಿಲ್ಲ. ಮೇಲೆ ಬರೆದ ಉಪಾಯ ಒಂದನ್ನೂ ಮಾಡಲಿಲ್ಲ. ಕೂಗಲಿಲ್ಲ, ಲೋಟ ಬೀಳಿಸಲಿಲ್ಲ. ಮಂಚದ ಕೆಳಗೆ ಸೂಟ್‌ಕೇಸಿನ ಹಿಂದೆ ಹೋಗಿ ಕೂತೆ. ರಾತ್ರಿ ಹತ್ತೂವರೆಗೆ ಅವರು ಚಮಚ ಬಡಿದರು. ನಾನು ಬರಲಿಲ್ಲ. "ಲೋ ಕೆಂಚ, ಏನೋ ನಿಂದು?" ಅಂತ ಟಾರ್ಚು ಹಿಡಿದು ನೆಲಕ್ಕೆ ಕೆನ್ನೆ ಹಚ್ಚಿ ನೋಡಿದರು. ಕಣ್ಣು ಮುಚ್ಚಿ ತೆರೆದರು. ನಾನು ಉತ್ತರ ಕೊಡಲಿಲ್ಲ. ಎದ್ದು ಹೋಗಿ ಟ್ರೇ ಕೆದಕಿದರು, ಒಣಗಿತ್ತು. ಹನ್ನೊಂದಕ್ಕೆ ಆಟೋದಲ್ಲಿದ್ದೆವು. ಬೆತ್ತದ ಬುಟ್ಟಿಯಲ್ಲಿ ನಾನು, ಮೇಲೆ ಅವರ ಶಾಲು. ಡಾಕ್ಟರು ಮಂಪರು ಬರಿಸಿ ಕೊಳವೆ ಹಾಕಿದರು. ಮೂರು ದಿನ ಅಲ್ಲೇ.

ಈಗ ಮನೆಯಲ್ಲಿ ನಾಲ್ಕು ಕಡೆ ನೀರಿನ ಬಟ್ಟಲಿದೆ, ಒಂದು ಪೂಜೆಯ ಕಂಚಿನದು. ಅಂಕ ಬರೆಯುವ ಉದ್ದನೆಯ ಪುಸ್ತಕದ ಕೊನೇ ಹಾಳೆಯಲ್ಲಿ ಗೆರೆ ಹೊಡೆದು ಕೋಷ್ಟಕ ಮಾಡಿದ್ದಾರೆ. ಬೆಳಿಗ್ಗೆ ಟ್ರೇ ತೆಗೆದ ಮೇಲೆ ಉಚ್ಚೆ ಬಿದ್ದು ಗಟ್ಟಿಯಾದ ಮರಳಿನ ಉಂಡೆ ಎಣಿಸಿ ಕೆಂಪು ಪೆನ್ನಿನಲ್ಲಿ ಬರೆಯುತ್ತಾರೆ. ನಿನ್ನೆ ಮೂರು. ಇವತ್ತು ಎರಡು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.